ನೀಲಿ ಕೂದಲಿನ ಸಂಬಂಧ

ಕೊಪ್ಪದ ಹತ್ತಿರದ ನಾರ್ವೆ ಊರಿನ ವಾಸಪ್ಪ ಮದುವೆ ಕುದುರಿಸುವವರು. ಮೊಬೈಲ್ ಫೋಟೊ ಅವರಿಗೆ ಹಿಡಿಸದು. ಕೊಪ್ಪದ ಫ್ಯಾನ್ಸಿ ಅಂಗಡಿಯಲ್ಲಿ, ಪುಟಕ್ಕೆ ಒಂಬತ್ತು ಪ್ಲಾಸ್ಟಿಕ್ ಜೇಬುಗಳಿದ್ದ ಆಲ್ಬಮ್ ಕಂಡು ಕೊಂಡರು. ಅದು ಜಪಾನಿನ ಅನಿಮೆ ಕಾರ್ಟೂನುಗಳ ಚಿತ್ರವಿರುವ ಕಾರ್ಡುಗಳನ್ನು ಜೋಡಿಸಿಡುವ ಆಲ್ಬಮ್. ಅವರು ಅದರಲ್ಲಿ ಹುಡುಗಿಯರ ಫೋಟೊ ತುಂಬಿಸಿದರು. ಆಲ್ಬಮ್ ಜೊತೆ ಪುಕ್ಕಟೆ ಬಂದಿದ್ದ ಮಿನುಗುವ ಕಾರ್ಡನ್ನೂ ಕೊನೆಯ ಜೇಬು ಖಾಲಿ ಬಿಡುವುದೇಕೆಂದು ಅಲ್ಲೇ ಬಿಟ್ಟರು.

ಮೇಗುಂದದ ಸುಲೋಚನಮ್ಮನ ಮಗ ಯಶವಂತ ಮೂವತ್ತು ಫೋಟೊಗಳನ್ನು ಸರಸರ ಮಗುಚಿ ಹಾಕಿದ. ಕೊನೆಯ ಪುಟ ತೆರೆದಾಗ ಮಾತ್ರ ಎದ್ದು ನಿಂತ.

"ಇದು ಎಲ್ಲಿ ಸಿಕ್ತು?"

ಸುಲೋಚನಮ್ಮ ಇಣುಕಿ ನೋಡಿ ಗಾಬರಿಯಾದರು. "ಕೂದ್ಲು ನೀಲಿ ಇದೆಯಲ್ಲೋ! ಯಾವೂರಿನವ್ಳು ವಾಸಪ್ಪಣ್ಣ?"

ಬಂದ ಸಂಬಂಧ ಬಿಡುವ ಅಭ್ಯಾಸ ವಾಸಪ್ಪನವರಿಗಿರಲಿಲ್ಲ. "ಸ್ವಲ್ಪ ದೂರ. ಜಾತಕ ತರಿಸುವ," ಎನ್ನುತ್ತಾ ಅದನ್ನು ಆಲ್ಬಮಿನಿಂದ ಹೊರಗೆಳೆದರು.

"ಅಯ್ಯೋ ಮಾರಾಯ್ರೆ, ಇದು ಕಾರ್ಡು! ಹೊಳೆಯೋದು ಸಿಗೋದೇ ಅಪರೂಪ. ಬರಿಗೈಲಿ ಮುಟ್ಬೇಡಿ, ಕವರ್ ಹಾಕಿ!" ಎಂದು ಯಶವಂತ ಕೂಗಿದ.

"ಮೊನ್ನೆ ಹರಿಹರಪುರದ ನಿಶ್ಚಿತಾನೂ ಹಿಂಗೇ ಬೈದ್ಲು ಮಾರಾಯ. ಅವ್ಳ ಹತ್ರ ಇಂಥವು ಡಬ್ಬಿಗಟ್ಟಲೆ ಇದ್ದಾವೆ. ಅವ್ಳಿಗೂ ಗಂಡು ಹುಡುಕ್ತಿದ್ದೀನಿ," ಎಂದರು ವಾಸಪ್ಪ.

ಯಶವಂತ ಶರ್ಟು ಬದಲಾಯಿಸಲು ಒಳಗೋಡಿದ.

ಹುಡುಗಿ ನೋಡುವ ಶಾಸ್ತ್ರದಲ್ಲಿ ಹುಡುಗ ಹುಡುಗಿ ಚಾಪೆ ತುಂಬ ಕಾರ್ಡು ಹರಡಿಕೊಂಡು ಕೂತರು. ಉಪ್ಪಿಟ್ಟು ಆರಿತು, ಜಾತಕ ಯಾರೂ ಕೇಳಲಿಲ್ಲ. ಆಷಾಢಕ್ಕೆ ಮೊದಲೇ ನಡೆದ ಮದುವೆಯಲ್ಲಿ ವಾಸಪ್ಪ ಮೂರು ಸಲ ಪಾಯಸ ಹಾಕಿಸಿಕೊಂಡರು.