ಸೂಜಿಗೂ ಜಾಗವಿಲ್ಲದ ಗಾಡಿ

ಖಾಲಿ ಜಾಗ ಕಂಡರೆ ಈ ಬಡಗಿಗೆ ಕೈ ಕೆರೆಯುತ್ತದೆ. ಮನೆಯ ಮೆಟ್ಟಿಲ ಕೆಳಗೆ ಕಪಾಟು, ಮಂಚದ ಕೆಳಗೆ ಡ್ರಾಯರು, ಬಾಗಿಲ ಹಿಂದೆ ಗೂಡು. ಊಟದ ಮೇಜಿನಡಿಯಲ್ಲೂ ಒಂದು ಪೆಟ್ಟಿಗೆ ಕೂರಿಸಿದ್ದರಿಂದ ಅವನ ಹೆಂಡತಿ ಎಷ್ಟೋ ವರ್ಷಗಳಿಂದ ಓರೆಯಾಗಿ ಕುಳಿತೇ ಉಣ್ಣುತ್ತಿದ್ದಳು. ಈ ಗೀಳು ಒಂದು ಜೀವಕ್ಕೇ ಸಂಚಕಾರ ತರುವುದರಲ್ಲಿತ್ತು ಎಂದು ಈಗ ಅವನೇ ಕೇಳಿದವರಿಗೆಲ್ಲ ಹೇಳುತ್ತಾನೆ. ಕೇಳದವರಿಗೂ ಹೇಳುತ್ತಾನೆ.

ಊರಿನಲ್ಲಿ ಸ್ವಯಂಸೇವಕರ ತಂಡವೊಂದಿದೆ. ಗುಡ್ಡದ ಕಡೆ ಯಾರಾದರೂ ಕಳೆದುಹೋದರೆ, ಬಿದ್ದರೆ, ಹುಡುಕಿ ಹೊತ್ತು ತರುವುದು ಅವರ ಕೆಲಸ. ಒಬ್ಬ ನಿವೃತ್ತ ನರ್ಸು ಅದರ ಮುಖ್ಯಸ್ಥೆ. ಬಡಗಿ ಭಾರೀ ಉಮೇದಿನಿಂದ ಸೇರಿಕೊಂಡು, ಮೊದಲ ಹುಡುಕಾಟದಲ್ಲೇ ದಾರಿ ತಪ್ಪಿದ. ಅವರು ಹುಡುಕುತ್ತಿದ್ದ ಮುದುಕ ಅಷ್ಟರಲ್ಲಿ ತಾನಾಗಿಯೇ ಮನೆ ಸೇರಿ, ಚಹಾ ಕುಡಿದು, ಬಡಗಿಯನ್ನು ಹುಡುಕಲು ತಂಡದ ಜೊತೆ ಹೊರಟ. ಅಂದಿನಿಂದ ಬಡಗಿಗೆ ‘ಕಾಣೆಯಾದವರು’ ಎಂದೇ ಹೆಸರು. ಕ್ಷೌರಿಕ ಕೂಡ ಬಿಡಲಿಲ್ಲ, ಕೂದಲು ಕತ್ತರಿಸಿ ಕಳಿಸುವಾಗ, “ಮನೆ ದಾರಿ ಗೊತ್ತಲ್ಲ?” ಎಂದು ಕೇಳತೊಡಗಿದ.

ಬಡಗಿಗೆ ಊಟ ಸೇರದಾಯಿತು. ನರ್ಸಿನ ಮನೆಗೇ ಹೋಗಿ, “ಮೇಡಂ, ನಡೆಯೋ ಕೆಲಸ ನನಗೆ ಬೇಡ. ನನ್ನ ಪಿಕಪ್ ಇದೆ, ತಂಡಕ್ಕೆ ಅಂತ ಸಜ್ಜು ಮಾಡಿ ತರ್ತೀನಿ,” ಎಂದು ಗೋಗರೆದ.

“ಇನ್ನೊಂದು ಸಲ ನೋಡೋಣ ಮೇಸ್ತ್ರಿ,” ಎಂದರು ಆಕೆ. “ಆದ್ರೆ ಇದೇ ಕೊನೆ.”

ಆಮೇಲೆ ಬಡಗಿ ಅಂಗಡಿಯ ಬೇರೆ ಕೆಲಸವನ್ನೆಲ್ಲ ಮೂಲೆಗೊತ್ತಿದ. ಹಳೆ ಬಾಗಿಲುಗಳ ಗಟ್ಟಿ ಮರ ಕೊಯ್ದು ಪಿಕಪ್ಪಿನ ಹಿಂಬದಿಯ ತುಂಬ, ನೆಲದಿಂದ ಸೂರಿನವರೆಗೆ, ಡ್ರಾಯರು ಕೂರಿಸಿದ. ಹಗ್ಗಕ್ಕೊಂದು, ರಾಟೆಗೊಂದು, ಟಾರ್ಚಿಗೊಂದು, ಕಂಬಳಿಗೊಂದು, ಕೊಡಲಿಗೊಂದು. ಪೆನ್ಸಿಲ್ಲಿಗೂ ಒಂದು. ಮಡಚಿದ ಸ್ಟ್ರೆಚರ್ ನೆಟ್ಟಗೆ ನಿಲ್ಲಲು ಸಂದಿ. ಎಲ್ಲೂ ಮೊಳೆ ಹೊಡೆಯಲಿಲ್ಲ, ಮರಕ್ಕೆ ಮರವನ್ನೇ ಕಚ್ಚಿಸಿದ. “ನನ್ನ ಮರಿಮಕ್ಕಳು ಬಂದು ಎಳೆದ್ರೂ ಇದು ಬಿಚ್ಚಲ್ಲ,” ಎಂದು ಹೆಂಡತಿಯನ್ನು ಕರೆದು ತೋರಿಸಿದ.

ಅವಳು ಸುತ್ತ ಒಂದು ಸಲ ನೋಡಿದಳು. “ರೀ, ಇದರಲ್ಲಿ ಇನ್ನೊಂದು ಸೂಜಿ ಇಡೋಕೂ ಜಾಗ ಇಲ್ವಲ್ರೀ.”

ಬಡಗಿ ಅದನ್ನು ಹೊಗಳಿಕೆ ಎಂದುಕೊಂಡು ಮೀಸೆ ತಿರುವಿದ.

ಕೆಲವೇ ದಿನಗಳಲ್ಲಿ ಕರೆ ಬಂತು. ಜೇನು ಸಾಕುವ ಹೆಂಗಸೊಬ್ಬಳು ಪಾಳುಬಿದ್ದ ಕಲ್ಲುಕ್ವಾರಿಯಲ್ಲಿ ಜಾರಿ ಬಿದ್ದಿದ್ದಳು. ಅಲ್ಲಿನ ಕೆಸರು ದಾರಿಗೆ ಆಂಬುಲೆನ್ಸ್ ಇಳಿಯುವಂತಿರಲಿಲ್ಲ, ಪಿಕಪ್ ಇಳಿಯಿತು. ಹಗ್ಗ ಎಂದರೆ ಹಗ್ಗ, ರಾಟೆ ಎಂದರೆ ರಾಟೆ, ಕೇಳಿದ್ದೆಲ್ಲ ಬಡಗಿಯ ಕೈಯಿಂದ ಥಟ್ಟನೆ ಬರುತ್ತಿತ್ತು. ತಂಡದವರು ಭೇಷ್ ಅಂದರು. ಇನ್ನು ಆ ಹೆಸರು ಅಳಿಸಿದ ಹಾಗೇ ಎಂದು ಅವನು ಮನಸ್ಸಿನಲ್ಲೇ ಕುಣಿದ.

ನಾಲ್ವರು ಅವಳನ್ನು ಸ್ಟ್ರೆಚರಿನಲ್ಲಿ ಹೊತ್ತು ಗಾಡಿಯ ಹಿಂದೆ ಬಂದು ನಿಂತರು. ನರ್ಸು ಒಳಗೆ ಇಣುಕಿದರು.

“ಮೇಸ್ತ್ರಿ, ಇವರನ್ನ ಎಲ್ಲಿ ಮಲಗಿಸೋದು?”

ಬಡಗಿಯೂ ಇಣುಕಿದ. ಎಡಕ್ಕೆ ಡ್ರಾಯರು, ಬಲಕ್ಕೆ ಡ್ರಾಯರು, ನಡುವೆ ಅಡ್ಡಡ್ಡ ನುಸುಳಲಷ್ಟೇ ದಾರಿ. ಮಡಚಿದ ಸ್ಟ್ರೆಚರಿಗೆ ಜಾಗವಿತ್ತು, ಅದರ ಮೇಲೆ ಮಲಗಿದವಳಿಗೆ ಇರಲಿಲ್ಲ. ಅವಳ ತೊಡೆಗೆ ಸುತ್ತಿದ ಬಟ್ಟೆ ಆಗಲೇ ಕೆಂಪಾಗಿತ್ತು, ತುಟಿ ಬಿಳಿಚಿತ್ತು.

“ಅಣ್ಣ,” ಎಂದಳು ಅವಳು ಮೆಲ್ಲಗೆ, “ಇನ್ನೂ ಯಾಕೆ ಹೊರಡ್ಲಿಲ್ಲ?”

ಬಡಗಿ ಕೊಡಲಿ ಹಿರಿದ. ಅದೂ ಇಟ್ಟ ಜಾಗದಲ್ಲೇ ಇತ್ತು. ಒಂದೇಟು ಹಾಕಿದ, ಮರ ಮಿಸುಕಲಿಲ್ಲ. ಇನ್ನೊಂದು ಹಾಕಿದ. ತನ್ನ ಕೆಲಸ ಸ್ವಲ್ಪ ಕಳಪೆಯಾಗಿರಬಾರದಿತ್ತೇ ಎಂದು ಜೀವಮಾನದಲ್ಲಿ ಮೊದಲ ಸಲ ಹಲುಬಿದ. ಹೊಡೆಯುತ್ತ ಅತ್ತ, ಅಳುತ್ತ ತನ್ನನ್ನೇ ಬೈದುಕೊಂಡ. ಕೊನೆಗೆ ಎಲ್ಲರೂ ಸೇರಿ ಒಂದು ಬದಿ ಪೂರ್ತಿ ಸಿಗಿದು ಕೆಸರಿಗೆ ಎಸೆದರು. ಒಡೆದ ಡ್ರಾಯರಿನ ಪಟ್ಟಿಯೊಂದನ್ನೇ ನರ್ಸು ಅವಳ ಮುರಿದ ಕಾಲಿಗೆ ಆಸರೆಯಾಗಿ ಕಟ್ಟಿದರು. ಗಾಡಿ ಹೊರಟಿತು.

ಅವಳು ಬದುಕಿದಳು. ಇಲ್ಲದಿದ್ದರೆ ಬಡಗಿ ಇದನ್ನು ನಗುತ್ತ ಹೇಳುತ್ತಿರಲಿಲ್ಲ.

ಮರುದಿನ ಅವನು ತಂಡ ಸೇರಿದಾಗ ಕೊಟ್ಟಿದ್ದ ಸೀಟಿಯನ್ನು ವಾಪಸು ಕೊಡಲು ನರ್ಸಿನ ಮನೆಗೆ ಹೋಗಿ ತಲೆ ತಗ್ಗಿಸಿ ನಿಂತ. ಆಕೆ ತೆಗೆದುಕೊಳ್ಳಲಿಲ್ಲ.

“ಸೀಟಿ ಇಟ್ಕೊಳ್ಳಿ, ಮತ್ತೆ ನೀವೇ ಕಳೆದುಹೋದ್ರೆ ಬೇಕಾಗುತ್ತೆ. ಮುಂದಿನ ಸಲ ಗಾಡಿ ಖಾಲಿ ತನ್ನಿ.”

ಬಡಗಿ ಉಳಿದ ಡ್ರಾಯರುಗಳನ್ನೂ ಕಿತ್ತು, ಹಗ್ಗದ ಚೀಲವೊಂದನ್ನು ಪಕ್ಕಕ್ಕೆ ತೂಗುಹಾಕಿ, ನೆಲಕ್ಕೆ ಹಾಸಿಗೆ ಹಾಸಿದ. ಒಂದು ಮೂಲೆ ಖಾಲಿ ಕಂಡು ಕೈ ಕೆರೆಯಿತು, ಆ ಕೈಯನ್ನೇ ಜೇಬಿಗೆ ಹಾಕಿಕೊಂಡ. ಅಷ್ಟರಲ್ಲಿ ಹೆಂಡತಿ ಬಂದು, ಚಪ್ಪಲಿ ಬಿಟ್ಟು ಮೇಲೆ ಹತ್ತಿ, ಆ ಹಾಸಿಗೆಯ ಮೇಲೆ ಉದ್ದಕ್ಕೆ ಮಲಗಿದಳು. ಕೈಕಾಲು ಚಾಚಿ ಕಣ್ಣು ಮುಚ್ಚಿದಳು.

“ಎಷ್ಟು ಹಾಯಾಗಿದೆ ರೀ,” ಎಂದಳು.

ಬಡಗಿ ಒಂದು ಗಳಿಗೆ ಅವಳನ್ನೇ ನೋಡಿದ. ಆಮೇಲೆ ಮನೆಯೊಳಗೆ ಹೋಗಿ, ಊಟದ ಮೇಜಿನಡಿಗೆ ತೂರಿ, ಆ ಪೆಟ್ಟಿಗೆಯನ್ನು ಎಳೆಯತೊಡಗಿದ.