ನಡುಗುವ ಬಟ್ಟು

ಟೈಲರಮ್ಮನಿಗೆ ಗಂಡನ ಕೋಣೆಗೆ ಕಾಲಿಡುವುದೆಂದರೆ ಹೇಸಿಗೆ. ಬೀದಿಯ ಬಾಯಲ್ಲಿ ಅವನು ತಕ್ಕಡಿ ಮೇಷ್ಟ್ರು. ಅಂಗಡಿಯವರ ತಕ್ಕಡಿ ರಿಪೇರಿ ಅವನ ಕಸುಬು. ಮೂರು ವರ್ಷದಿಂದ ತಕ್ಕಡಿಗಳು ಮೂಲೆಯಲ್ಲಿ ಧೂಳು ತಿನ್ನುತ್ತಿದ್ದವು, ಇವನು ಭೂಮಿಯನ್ನೇ ರಿಪೇರಿ ಮಾಡಲು ಹೊರಟಿದ್ದ. ಎಲ್ಲ ಬಿಟ್ಟ ಮಗ ಭಂಗಿ ನೆಟ್ಟ ಅಂದರೆ ಇದೇ ಇರಬೇಕು. ತೊಲೆಗೆ ಒಂದು ದಾರ, ದಾರದ ತುದಿಗೆ ಎರಡು ಕಿಲೋ ತೂಕದ ಬಟ್ಟು, ಅದರ ಅಡಿಗೆ ಅಂಟಿಸಿದ ಸೂಜಿ, ಸೂಜಿಯ ಕೆಳಗೆ ಮಸಿ ಬಳಿದ ಗಾಜು. ನೆಲ ನಡುಗಿದರೆ ಸೂಜಿ ಗೆರೆ ಗೀಚುತ್ತದಂತೆ. ಬಿರುಗಾಳಿ ಬಂದಾಗಲೆಲ್ಲ ಗೀಚುತ್ತದಂತೆ. ಗಾಳಿಯ ಸುಳಿ ನೆಲದಡಿಯ ಬಂಡೆಯನ್ನೂ ತಿರುವುತ್ತದೆ, ಹತ್ತು ದಿನದೊಳಗೆ ಭೂಕಂಪ ತರುತ್ತದೆ, ಇದು ಯಾವ ವಿಜ್ಞಾನಿಗೂ ಹೊಳೆದಿಲ್ಲ ಎಂದು ಅವನು ಫೋನಿನ ಗುಂಪಿನಲ್ಲಿ ಬರೆಯುತ್ತಿದ್ದ. ಮುನ್ನೂರು ಜನ ಕೈ ಮುಗಿಯುವ ಚಿತ್ರ ಹಾಕುತ್ತಿದ್ದರು. ಮಾಡಲು ಬೇರೆ ಕೆಲಸವಿಲ್ಲದ ಮುನ್ನೂರು ಜನ, ಥೂ!

ಅವಳ ಕಣ್ಣಿಗಂತೂ ಆ ನಡುಕ ಒಂದು ಸಲವೂ ಬಿದ್ದಿರಲಿಲ್ಲ. ಗಾಳಿ ಎದ್ದರೆ ಕರೆಂಟು ಹೋಗುತ್ತಿತ್ತು. ಅವಳು ಮೋಟಾರಿನ ಮಷಿನ್ನು ಬಿಟ್ಟು, ಹಲಗೆ ಹಾಸಿದ ಮಹಡಿಮನೆಯ ಎರಡು ಕೋಣೆಗಳ ನಡುವಿನ ಹಲಗೆ ಗೋಡೆಗೆ ಒತ್ತಿ ನಿಂತಿದ್ದ ಹಳೆಯ ಕಾಲುಮಷಿನ್ನಿಗೆ ಕೂರುತ್ತಿದ್ದಳು. ಯೂನಿಫಾರಮ್ಮು ಬೇಕೆಂದವರು ಗಾಳಿಮಳೆಯ ನೆಪ ಕೇಳುತ್ತಾರೆಯೇ? ಅಷ್ಟರಲ್ಲಿ ಆಚೆಯಿಂದ ಗಂಡನ ಕೂಗು, ಬಾರೇ, ನೋಡು ಬಾರೇ. ಹೊಲಿಗೆ ನಿಲ್ಲಿಸಿ ಹೋಗಿ ನೋಡಿದರೆ ಬಟ್ಟು ತೆಪ್ಪಗೆ ನಿಂತಿರುತ್ತಿತ್ತು. ಈಗ ತಾನೇ ನಡುಗುತ್ತಿತ್ತು ಎಂದು ಅವನು ಆಣೆ ಹಾಕುತ್ತಿದ್ದ. ಸುಳ್ಳುಬುರುಕ ಎಂದು ಮೂಗು ಮುರಿದು ಅವಳು ಮರಳಿ ಮಷಿನ್ನಿಗೆ ಬರುತ್ತಿದ್ದಳು.

ಗಂಡನ ಅಕ್ಕ ಇವರ ಜೊತೆಗೇ ಇದ್ದಳು. ತಾಯಿ ತೀರಿಕೊಂಡ ಮೇಲೆ ಲಾಂಡ್ರಿಯಲ್ಲಿ ಇಸ್ತ್ರಿ ತಿಕ್ಕಿ ತಮ್ಮನನ್ನು ಸಾಕಿದವಳು. ಒಂದು ಬೆಳಗ್ಗೆ ಬಲಗಣ್ಣಿಗೆ ಕಪ್ಪು ಪರದೆ ಇಳಿದ ಹಾಗಿದೆ ಎಂದಳು. ಟೈಲರಮ್ಮ ಅವಳನ್ನು ಆಸ್ಪತ್ರೆಗೆ ಕರೆದೊಯ್ದಳು. ಕಣ್ಣಿನ ಒಳಪೊರೆ ಹರಿದಿದೆ, ಗುರುವಾರವೇ ಆಪರೇಶನ್ ಆಗಬೇಕು, ತಡವಾದರೆ ಕಣ್ಣು ಹೋಗುತ್ತದೆ ಎಂದು ಡಾಕ್ಟರು ಬಿಡಿಸಿ ಹೇಳಿದರು. ಆಪರೇಶನ್ ಕೋಣೆ ಐದನೇ ಮಹಡಿಯಲ್ಲಿತ್ತು.

ಬುಧವಾರ ಬೆಳಗ್ಗೆಯೇ ಬಿರುಗಾಳಿ ಎದ್ದಿತು, ಕರೆಂಟು ಹೋಯಿತು. ಮರುದಿನವೆಲ್ಲ ಆಸ್ಪತ್ರೆಯಲ್ಲಿ ಕಳೆಯಬೇಕಲ್ಲ ಎಂದು ಟೈಲರಮ್ಮ ಎರಡು ದಿನದ ಹೊಲಿಗೆಯನ್ನು ಒಂದೇ ಉಸಿರಿಗೆ ತುಳಿದಳು. ಸಂಜೆಯ ಹೊತ್ತಿಗೆ ಗಂಡ ಬಿಳಿಚಿಕೊಂಡ ಮುಖದಲ್ಲಿ ಗಾಜು ಹಿಡಿದು ಬಂದ. ಇಷ್ಟು ಗೆರೆ ಯಾವತ್ತೂ ಬಿದ್ದಿರಲಿಲ್ಲ, ಹತ್ತು ದಿನ ಎತ್ತರದ ಕಟ್ಟಡ ಹತ್ತುವಂತಿಲ್ಲ, ಅಕ್ಕನನ್ನು ಐದನೇ ಮಹಡಿಯಲ್ಲಿ ಮಲಗಿಸಲು ತಾನು ಬಿಡುವುದಿಲ್ಲ ಎಂದ.

ಅವಳಿಗೆ ಮೈಯೆಲ್ಲ ಉರಿಯಿತು. "ಕಾಗೆ ಕೂರೋದಕ್ಕೂ ಕೊಂಬೆ ಮುರಿಯೋದಕ್ಕೂ ಸರಿಹೋದ್ರೆ ಅದು ವಿಜ್ಞಾನ ಏನ್ರೀ? ನಿಮ್ಮ ಹುಚ್ಚಿಗೆ ಅವರ ಕಣ್ಣು ಬಲಿ ಕೊಡ್ತೀರಾ?"

ಅವನು ಗೆರೆಗಳ ಲೆಕ್ಕ ಬರೆದಿಟ್ಟ ಪುಸ್ತಕ ತೆರೆದು ಹನ್ನೊಂದು ಬಿರುಗಾಳಿ, ಹನ್ನೊಂದು ನಡುಕ ತೋರಿಸಿದ. ಅವಳು ಪುಸ್ತಕವನ್ನು ಕಿತ್ತು ಮೂಲೆಗೆ ಎಸೆದಳು. ಆದರೆ ಅಕ್ಕ ತಮ್ಮನ ಪರ ನಿಂತಳು. ತಾನು ಎತ್ತಿ ಆಡಿಸಿದ ಕೂಸು ತನಗೆ ಕೇಡು ಬಯಸುತ್ತಾನೆಯೇ, ಹತ್ತು ದಿನ ತಾನೇ ಎಂದಳು. ಟೈಲರಮ್ಮ ಅತ್ತಳು, ಕೈ ಹಿಡಿದಳು, ಬೈದಳು. ಗುರುವಾರ ಬಾಗಿಲಿಗೆ ಬಂದ ಆಟೋ ಖಾಲಿ ಹಿಂತಿರುಗಿತು.

ಹತ್ತು ದಿನದಲ್ಲಿ ಒಂದು ಲೋಟವೂ ಅಲುಗಲಿಲ್ಲ. ಹನ್ನೊಂದನೆಯ ದಿನ ಡಾಕ್ಟರು ಕಣ್ಣಿಗೆ ಬೆಳಕು ಬಿಟ್ಟು ನೋಡಿ, ಇನ್ನೇನೂ ಮಾಡುವಂತಿಲ್ಲ ಎಂದರು. ಮನೆಗೆ ಬಂದ ಮೇಲೆ ಗಂಡ, ಕಂಪ ಸಮುದ್ರದ ಕಡೆ ತಿರುಗಿಕೊಂಡಿತು, ಕಣ್ಣು ಹೋದರೂ ಜೀವ ಉಳಿಯಿತಲ್ಲ ಎಂದು ಅಕ್ಕನಿಗೆ ಸಮಾಧಾನ ಹೇಳಿದ. ಅದನ್ನೂ ಗುಂಪಿನಲ್ಲಿ ಬರೆದ. ಅದಕ್ಕೂ ಕೈ ಮುಗಿದರು. ಅವತ್ತಿನಿಂದ ಟೈಲರಮ್ಮ ಅವನ ತಟ್ಟೆಯನ್ನು ಮುಖ ತಿರುಗಿಸಿಕೊಂಡೇ ಇಡುತ್ತಿದ್ದಳು.

ಮುಂದಿನ ತಿಂಗಳು ಮತ್ತೆ ಬಿರುಗಾಳಿ ಬಂತು. ಕರೆಂಟು ಹೋಯಿತು. ಇವಳು ಕಾಲುಮಷಿನ್ನಿಗೆ ಕೂತಳು. ಅಕ್ಕ ತಮ್ಮನ ಕೋಣೆಯಲ್ಲಿ ಸ್ಟೂಲಿನ ಮೇಲೆ ಸುಮ್ಮನೆ ಕೂತಿದ್ದಳು. ಗಂಡ ಎಂದಿನಂತೆ ಕೂಗಿದ. ಈ ಸಲ ಉಗಿದೇ ಬರುತ್ತೇನೆಂದು ಇವಳು ಎದ್ದು ಬಾಗಿಲಿಗೆ ಬಂದಳು. ಬಟ್ಟು ನಿಂತಿತ್ತು.

ಅಕ್ಕ ಉಳಿದೊಂದು ಕಣ್ಣನ್ನು ಬಟ್ಟಿನಿಂದ ಎತ್ತಿ ಟೈಲರಮ್ಮನ ಕಾಲಿನ ಮೇಲೆ ಇಟ್ಟಳು. "ಹೋಗಿ ತುಳಿ" ಎಂದಳು.

ತುಳಿದಳು. ನಿಲ್ಲಿಸು ಎಂದಾಗ ನಿಲ್ಲಿಸಿದಳು. ಮತ್ತೆ ತುಳಿ ಎಂದಾಗ, ಹಲಗೆ ಗೋಡೆಯ ಸಂದಿಗೆ ಕಣ್ಣಿಟ್ಟುಕೊಂಡೇ ತುಳಿದಳು. ಅವಳ ಕಾಲು ಆಡಿದಷ್ಟೂ ಹೊತ್ತು ಮಹಡಿಯ ಹಲಗೆ ಅದುರಿತು, ಬಟ್ಟು ನಡುಗಿತು, ಸೂಜಿ ಗೆರೆ ಗೀಚಿತು. ಕಾಲು ತೆಗೆದಾಗ ನಿಂತಿತು. ಗಂಡ ಗಾಳಿ, ಸುಳಿ ಎಂದು ಏನೋ ತೊದಲಿ ನೆಲದ ಮೇಲೆ ಕುಸಿದು ಕೂತ. ಟೈಲರಮ್ಮ ಮಷಿನ್ನು ಬಿಟ್ಟೆದ್ದು ಬಾಗಿಲಿಗೆ ಬಂದಳು.

"ಇವನಿಗೆ ತಲೆ ಕೆಟ್ಟಿದೆ, ಬಿಡು" ಎಂದಳು ಅಕ್ಕ. "ಕರೆದಾಗೆಲ್ಲ ಬಂದು ಮೂಗು ಮುರಿದು ಹೋದೆಯಲ್ಲ. ನಾನು ಬಂದ್ರೆ ಯಾಕೆ ನಿಲ್ಲುತ್ತೆ ಅಂತ ಒಂದು ಸಲಾನಾದ್ರೂ ಯೋಚನೆ ಮಾಡಬಾರದಿತ್ತೇನಮ್ಮಾ?"

ಹೇಳಿ ಎದ್ದಳು. ಬಲಗಡೆಯ ಬಾಗಿಲ ಚೌಕಟ್ಟು ಕಾಣದೆ ಹಣೆ ಬಡಿಸಿಕೊಂಡಳು. ಗಂಡಹೆಂಡತಿ ಇಬ್ಬರೂ ಹಿಡಿಯಲು ಓಡಿದರು. ಅಕ್ಕ ಇಬ್ಬರ ಕೈಯನ್ನೂ ತಳ್ಳಿ, ಗೋಡೆ ತಡವಿಕೊಂಡು ಒಬ್ಬಳೇ ಹೊರಟುಹೋದಳು.