ಮಗಳ ಮನೆಯ ಆರು ಕುರಿ

ನಿವೃತ್ತಿಗೆ ಮೂರು ವರ್ಷ ಬಾಕಿ ಇದ್ದಾಗ ನಾನು ಮಳವಳ್ಳಿ ತಾಲ್ಲೂಕಿನ ಪೂರಿಗಾಲಿ ಕಡೆಯ ಹಳ್ಳಿಗಳಿಗೆ ಪಶುವೈದ್ಯಾಧಿಕಾರಿಯಾಗಿದ್ದೆ. ಆಸ್ಪತ್ರೆ ಎಂದರೆ ಎರಡು ಕೋಣೆ, ಒಂದು ಫ್ರಿಜ್ಜು, ಕರೆಂಟು ಇದ್ದರೆ ಇತ್ತು ಇಲ್ಲದಿದ್ದರೆ ಇಲ್ಲ. ಆ ವರ್ಷ ಬಂಡೂರು ಕುರಿ ತಳಿ ಉಳಿಸುವ ಯೋಜನೆಯೊಂದು ಬಂತು. ಮೋಟು ಕಾಲು, ಪೀಪಾಯಿ ಮೈಯ ಈ ಕುರಿ ನಮ್ಮ ಸೀಮೆಯದ್ದೇ. ಆಯ್ಕೆಯಾದವನಿಗೆ ಇಪ್ಪತ್ತು ಹೆಣ್ಣು ಕುರಿ, ಒಂದು ಟಗರು, ಶೆಡ್ಡು, ಮೇಲೆ ವಿಮೆ. ಮೂರು ವರ್ಷ ಕುರಿಗಳು ಸರ್ಕಾರದ ಲೆಕ್ಕದಲ್ಲೇ ಇರುತ್ತವೆ, ಆಮೇಲೆ ಅವನವು.

ನನ್ನ ವ್ಯಾಪ್ತಿಯಲ್ಲಿ ಅದು ಸಿಕ್ಕಿದ್ದು ಕೆಂಪಯ್ಯನಿಗೆ. ಐವತ್ತೈದು ದಾಟಿದ್ದ, ತಾತನ ಕಾಲದಿಂದ ಕುರಿ ಸಾಕಿದ ಮನೆ. ಊರಲ್ಲಿ ಬೇರೆಯವರ ಹೊಲದ ಬದುವಿನಿಂದ ಒಂದು ಹಿಡಿ ಹುಲ್ಲು ಕಿತ್ತವನಲ್ಲ ಎಂಬ ಹೆಸರು ಅವನಿಗಿತ್ತು. ಆ ಹೆಸರನ್ನು ಅವನು ಆಸ್ತಿಯಂತೆ ಕಾಯುತ್ತಿದ್ದ.

ಕುರಿ ಬಂದ ತಿಂಗಳಲ್ಲೇ ಅವನು ಆರು ಕುರಿಗಳನ್ನು ಮದ್ದೂರು ತಾಲ್ಲೂಕಿನ ಸೋಮನಹಳ್ಳಿ ಬಳಿ ಇದ್ದ ಮಗಳು ಸವಿತಾಳ ಮನೆಗೆ ಪಾಲಿಗೆ ಬಿಟ್ಟ. ಸಾಕುವ ಕೆಲಸ ಅವಳದು, ಹುಟ್ಟಿದ ಮರಿಯಲ್ಲಿ ಅರ್ಧರ್ಧ. ಇನ್ನೈದನ್ನು ಗುಡ್ಡದ ಕಡೆ ಇದ್ದ ಬಾಮೈದನಿಗೆ ಕೊಟ್ಟ. ಇದರಲ್ಲಿ ಗುಟ್ಟೇನೂ ಇರಲಿಲ್ಲ. ಕುರಿ ಸಾಕುವ ಮನೆಗಳಲ್ಲಿ ಇದು ನಡೆದು ಬಂದ ರೀತಿ. ಒಂದೂರಿಗೆ ಬೇನೆ ಬಂದರೆ ಇನ್ನೊಂದೂರಿನಲ್ಲಿ ಬೀಜದ ಕುರಿ ಉಳಿಯುತ್ತದೆ. ನನಗೂ ಗೊತ್ತಿತ್ತು, ಇಡೀ ಊರಿಗೂ ಗೊತ್ತಿತ್ತು.

ಗೊತ್ತಿಲ್ಲದ್ದು ನಮ್ಮ ಮೇಲಧಿಕಾರಿಗೆ ಮಾತ್ರ. ತಪಾಸಣೆಗೆ ಬಂದವರು ಎಣಿಸಿದರು, ಹತ್ತೇ ಕುರಿ. ‘ಒಂದು ಘಟಕ, ಒಂದು ಶೆಡ್’ ಎಂಬುದು ನಿಯಮ. ರಿಸ್ಕ್ ಮ್ಯಾನೇಜ್‌ಮೆಂಟ್ ಎಂದು ನಮಗೆಲ್ಲ ಎರಡು ದಿನ ಪರದೆಯ ಮೇಲೆ ಚಿತ್ರ ತೋರಿಸಿ ತರಬೇತಿ ಕೊಟ್ಟಿದ್ದ ಪುಣ್ಯಾತ್ಮರೇ ಅವರು. ಆ ಶೆಡ್ಡನ್ನು ನೀರು ಹತ್ತಿರವಿರಬೇಕೆಂದು ಕಾಲುವೆಯ ಪಕ್ಕದಲ್ಲೇ ಕಟ್ಟಿಸಿದ್ದರು. ಮಳೆಗಾಲದಲ್ಲಿ ಅಲ್ಲಿ ಕಚ್ಚುವ ಸಣ್ಣ ನೊಣ ಮುತ್ತುತ್ತದೆ, ನೀಲಿ ನಾಲಿಗೆ ರೋಗ ಹರಡುವುದು ಅದರಿಂದಲೇ, ಲಸಿಕೆಯೂ ಬಂದಿಲ್ಲ ಎಂದು ನಾನು ಬಾಯಲ್ಲೂ ಹೇಳಿದೆ, ಬರೆದೂ ಕೊಟ್ಟೆ. ಕೋಣನ ಮುಂದೆ ಕಿನ್ನರಿ ಬಾರಿಸಿದಂತಾಯಿತು. ಕುರಿಗಳನ್ನೆಲ್ಲ ವಾಪಸು ತಂದು ಶೆಡ್ಡಿನಲ್ಲಿ ಕೂಡದಿದ್ದರೆ ಸರ್ಕಾರದ ಆಸ್ತಿ ಸಾಗಿಸಿದ್ದಾನೆಂದು ಪೊಲೀಸಿಗೆ ಬರೆಯುವುದಾಗಿ ಕೆಂಪಯ್ಯನಿಗೆ ಊರವರ ಎದುರೇ ಹೇಳಿ ಹೋದರು.

ಬಾಮೈದ ಮರುದಿನವೇ ಐದನ್ನೂ ಹೊಡೆದುಕೊಂಡು ಬಂದ. ಮಗಳ ಮನೆಗೆ ಹೋಗುವಾಗ ಕೆಂಪಯ್ಯ ನನ್ನನ್ನೂ ಕರೆದ. ನಾನು ಹೇಳಿದರೆ ಅವಳು ಕೇಳಿಯಾಳೆಂದು ಅವನ ಎಣಿಕೆ. ನಾನು ಹೇಳಲಿಲ್ಲ.

“ಕೊಡಾಕಿಲ್ಲ ಕಣಪ್ಪ,” ಎಂದಳು ಸವಿತಾ. “ಕಾಲ್ವೆ ಪಕ್ದಲ್ಲಿ ಯಾರಾದ್ರೂ ಕುರಿ ಕೂಡ್ತಾರಾ? ನೀನೇ ನಂಗೆ ಏಳ್ಕೊಟ್ಟಿದ್ದಲ್ವಾ?”

“ಊರೋರ ಮುಂದೆ ಕಳ್ಳ ಅಂದ್ರು ಕಣಮ್ಮಿ ನನ್ನ. ಬಾಯ್ ಮುಚ್ಕೊಂಡು ಬುಡು ಕುರಿಯ.”

“ಅನ್ಲಿ ಬುಡು. ಕುರಿ ಸತ್ರೆ ಅವ್ರು ಬತ್ತಾರಾ?”

ಕೆಂಪಯ್ಯ ಟವೆಲ್ ಕೊಡವಿ ಹೆಗಲಿಗೆ ಹಾಕಿಕೊಂಡ. “ಇನ್ಮ್ಯಾಕೆ ನಿನ್ ಒಸ್ಲು ತುಳಿಯಾಕಿಲ್ಲ ನಾನು,” ಎಂದು ಬಸ್ಸಿನ ಕಡೆ ನಡೆದ. ಇಟ್ಟ ಕಾಫಿ ಹಾಗೇ ಆರಿತು.

ಆ ಸಲ ಮಳೆ ಬಿಡದೆ ಹಿಡಿಯಿತು. ಶೆಡ್ಡಿನಲ್ಲಿದ್ದದ್ದು ಹದಿನೈದು. ಮೊದಲು ಟಗರಿಗೆ ಜ್ವರ ಬಂತು, ತುಟಿ ಊದಿತು, ಮೂಗಿನಿಂದ ಸಿಂಬಳ ಇಳಿಯಿತು. ಆಮೇಲೆ ಒಂದರ ಹಿಂದೊಂದು. ಬಾಯಿಯೆಲ್ಲ ಹುಣ್ಣಾದ ಕುರಿ ಹಸಿವಿದ್ದರೂ ಹುಲ್ಲು ಮೂಸಿ ಮುಖ ತಿರುಗಿಸುತ್ತದೆ, ಅದನ್ನು ನೋಡಬಾರದು. ಈ ರೋಗಕ್ಕೆ ನೇರ ಔಷಧಿಯಿಲ್ಲ. ನಾನು ಜ್ವರಕ್ಕೆ ಸೂಜಿ ಹಾಕಿದೆ, ಬಾಯಿ ತೊಳೆದೆ, ಕೆಂಪಯ್ಯ ಮತ್ತು ಅವನ ಹೆಂಡತಿ ರಾಗಿ ಗಂಜಿ ಕುಡಿಸಿದರು. ಹನ್ನೆರಡು ಸತ್ತವು. ಮೂರು ಉಳಿದವು, ಗೊರಸು ಬಾತು ಮಂಡಿಯೂರಿ ತೆವಳುತ್ತಿದ್ದವು. ಕೊನೆಗೆ ಅವೂ ಹೋದವು. ಸವಿತಾಳ ಮನೆಯ ಆರಕ್ಕೆ ಏನೂ ಆಗಲಿಲ್ಲ.

ಪರಿಹಾರವಾದರೂ ಬರಲೆಂದು ಒಂದೊಂದು ಕುರಿಯ ಮರಣೋತ್ತರ ಪರೀಕ್ಷೆ ಮಾಡಿ, ಕಿವಿಗೆ ಚುಚ್ಚಿದ ನಂಬರಿನ ಓಲೆ ಸಮೇತ ವರದಿ ಕಳಿಸಿದೆ. ಅರ್ಜಿ ತಿರಸ್ಕೃತವಾಯಿತು. ಕಾರಣ: ಘಟಕ ಅಪೂರ್ಣ, ಆರು ಕುರಿ ವಿಮೆ ಮಾಡಿದ ಸ್ಥಳದಲ್ಲಿರಲಿಲ್ಲ. ಮಂಡ್ಯದ ಕಚೇರಿಗೆ ಹೋಗಿ ಕೇಳಿದೆ. ಮೇಲಧಿಕಾರಿ ಟೀ ತರಿಸಿ, ನಿಜವಾದ ಕನಿಕರದಿಂದಲೇ ಹೇಳಿದರು: “ಏನ್ಮಾಡೋದು ಮೇಡಂ, ಆ ಆರೂ ಶೆಡ್‌ನಲ್ಲೇ ಇದ್ದು ಸತ್ತಿದ್ರೆ ಪೂರ್ತಿ ಪರಿಹಾರ ಬಂದಿರೋದು. ಈಗ ಆ ಆರನ್ನ ವಸೂಲಿ ಮಾಡಿ ಫೈಲ್ ಮುಗಿಸಿ.”

ಮೂವತ್ತು ವರ್ಷದ ನೌಕರಿಯಲ್ಲಿ ನನಗೆ ಅಷ್ಟು ಕೋಪ ಬಂದದ್ದು ಅದೊಂದೇ ದಿನ. ಟೀ ಮುಟ್ಟದೆ ಎದ್ದು ಬಂದೆ. ಇತ್ತ ಊರು ಸುಮ್ಮನಿರುತ್ತದೆಯೇ? ಮಗಳೇ ಅಪ್ಪನ ಪರಿಹಾರ ತಪ್ಪಿಸಿದಳು ಎಂದಿತು. ಸರಿಯಾಗಿ ನಡೆದುಕೊಂಡವಳು ಅವಳೊಬ್ಬಳೇ, ಹೆಸರು ಕೆಟ್ಟದ್ದೂ ಅವಳದೇ.

ವಸೂಲಿಯ ವಿಷಯ ಕೆಂಪಯ್ಯನಿಗೆ ತಿಳಿಸಿದೆ. ಎರಡು ದಿನದ ಮೇಲೆ ಅವನು ಮಗಳ ಊರಿಗೆ ಹೊರಟ. ಎಲ್ಲಿ ಸಿಟ್ಟಿನಲ್ಲಿ ಕುರಿಗಳನ್ನು ಎಳೆದು ತರುತ್ತಾನೋ ಎಂದು ನಾನೂ ಜೊತೆಗೆ ಹೋದೆ. ಅವನು ಬೀದಿಯಲ್ಲೇ ನಿಂತ. ಸವಿತಾ ಅಪ್ಪನ ಮುಖ ನೋಡಿ, ತಾನೇ ಹಿತ್ತಿಲಿಗೆ ಹೋಗಿ ಆರನ್ನೂ ಹೊರಗೆ ಬಿಟ್ಟಳು. “ತಗೊಂಡೋಗಪ್ಪ. ನಿನ್ನ ಕಳ್ಳ ಅನ್ನೋದು ಬ್ಯಾಡ,” ಎಂದಳು.

ಕೆಂಪಯ್ಯ ಒಂದು ಗಬ್ಬದ ಕುರಿಯ ಬೆನ್ನು ಸವರಿದ, ಬಾಯಿ ಬಿಡಿಸಿ ನಾಲಿಗೆ ನೋಡಿದ. ಆಮೇಲೆ ನಾನು ಅಲ್ಲಿದ್ದೇನೆ ಎಂಬುದನ್ನೂ ಲೆಕ್ಕಿಸದೆ ಹೇಳಿದ: “ಒಳೀಕೆ ಕೂಡವ್ವ. ಮೂರ ನಿಮ್ ನಾದ್ನಿ ಮನೇಲಿ ಬುಡು. ಕಿವಿ ಓಲೆ ಕಿತ್ತಾಕು. ಸರ್ಕಾರ್ದೋರು ಬಂದ್ರೆ ಸತ್ತೋದ್ವು ಅಂತ ಏಳು.”

“ಒಳೀಕೆ ಬಾಪ್ಪ,” ಎಂದಳು. ಅವನು ಹೊಸ್ತಿಲು ದಾಟಿ ಒಳಗೆ ಹೋದ.

ಕಚೇರಿಯಿಂದ ಫೋನು ಬಂದಾಗ ಆರೂ ಬದುಕಿವೆ, ವಸೂಲಿಗೆ ನಾನು ಹೋಗುವುದಿಲ್ಲ, ಬೇರೆಯವರನ್ನು ಕಳಿಸಿ ಎಂದೆ. ಯಾರೂ ಹೋಗಲಿಲ್ಲ. ನನ್ನನ್ನು ವರ್ಗ ಮಾಡಿದರು, ಅಷ್ಟೆ.

ಈಗ ವಿ.ಸಿ. ಫಾರಂ ರಸ್ತೆಯ ಮನೆಯಲ್ಲಿ ಕೂತು ಹೊಸಬರಿಗೆ ನಾನು ಹೇಳುವುದಿಷ್ಟು: ಕುರಿ ಸತ್ತರೆ ಯಾರ ಮನೆಯಲ್ಲಿ ಅಳುತ್ತಾರೋ, ಕುರಿ ಎಲ್ಲಿ ಕಟ್ಟಬೇಕೆಂದು ಅವರನ್ನು ಕೇಳಿ. ನಾವು ಕೇಳಲಿಲ್ಲ. ಕುರಿ ಹೋದದ್ದಕ್ಕಿಂತ ಆ ಬೀದಿಯಲ್ಲಿ ಕೇಳಿದ ಮಾತು ನನ್ನನ್ನು ಹೆಚ್ಚು ಕಾಡುತ್ತದೆ. ಬದುವಿನ ಹುಲ್ಲನ್ನೂ ಮುಟ್ಟದ ಮನುಷ್ಯ, ಬದುಕಿರುವ ಕುರಿಯನ್ನು ಸತ್ತಿದೆ ಎನ್ನುವಂತೆ ಹೆತ್ತ ಮಗಳಿಗೆ ಹೇಳಿಕೊಟ್ಟ. ಯೋಜನೆಯಿಂದ ಅವನು ಕಲಿತದ್ದು ಅದೊಂದೇ.